ಬಡಾವಣೆಯ ಗೋಡೆಗೆ ಯಾವ ಚಿತ್ರ ಬರೆದರೆ ಜನ ಅದನ್ನು ತಮ್ಮದು ಅಂದುಕೊಳ್ಳುತ್ತಾರೆ?

ಅನುಮತಿ ಸಿಕ್ಕಿದೆ, ಬಣ್ಣಕ್ಕೆ ದುಡ್ಡಿದೆ, ವಿಷಯ ಮಾತ್ರ ತೋಚುತ್ತಿಲ್ಲ ಅಂದಿದ್ದೀರಿ. ಆರು ವರ್ಷದ ಹಿಂದೆ ನನ್ನ ಸ್ಥಿತಿಯೂ ಇದೇ.

ನನ್ನದು, ಮೇಲಿನ ರಸ್ತೆಯ ಮಣ್ಣು ಜರಿಯದಂತೆ ಕಟ್ಟಿದ್ದ ತಡೆಗೋಡೆ. ಅದಕ್ಕೆ ಎದುರಾಗಿ ಒತ್ತೊತ್ತಾಗಿ ಮನೆಗಳು. ಒಂದು ತಿಂಗಳು ನನ್ನ ಕೋಣೆಯಲ್ಲೇ ಕೂತು ಹಕ್ಕಿಗಳು, ಮಕ್ಕಳ ಕೈಗಳು ಅಂತ ನಕ್ಷೆ ತಯಾರಿಸಿದೆ. ಆಮೇಲೆ ಮನೆಮನೆಗೆ ಒಯ್ದು ‘ಚೆನ್ನಾಗಿದೆಯಾ?’ ಅಂತ ಕೇಳಿದೆ. ಎಲ್ಲರೂ ಚೆನ್ನಾಗಿದೆ ಅಂದರು. ನಾನು ಎಡವಿದ್ದು ಇಲ್ಲೇ. ಮುಗಿದ ಚಿತ್ರ ಹಿಡಿದು ಬಾಗಿಲಿಗೆ ಬಂದವರ ಮುಖ ನೋಡಿ ಚೆನ್ನಾಗಿಲ್ಲ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ನಾನು ಕೇಳಿದ್ದು ಒಪ್ಪಿಗೆ. ಕೇಳಬೇಕಿದ್ದದ್ದು ಆ ಗೋಡೆಯ ಸಮಾಚಾರ: ಅಲ್ಲಿ ಬೆಳಗ್ಗೆ ಏನು ನಡೆಯುತ್ತದೆ, ಯಾರು ಒರಗಿ ಕೂರುತ್ತಾರೆ, ಮಳೆಗಾಲದಲ್ಲಿ ಏನಾಗುತ್ತದೆ. ಕೊನೆಯದೊಂದನ್ನು ಕೇಳಿದ್ದರೂ ಸಾಕಿತ್ತು.

ಮೊದಲ ಮಳೆಗಾಲಕ್ಕೇ ಬಣ್ಣ ಗುಳ್ಳೆ ಎದ್ದು ಹಾಳೆಹಾಳೆಯಾಗಿ ಕಿತ್ತುಬಂತು. ಅಕ್ರಿಲಿಕ್ ಬಣ್ಣ ಪೊರೆಯಂತೆ ಕೂರುತ್ತದೆ; ಹಿಂದಿನ ಮಣ್ಣಿನಿಂದ ಜಿನುಗುವ ನೀರು ಹೊರಬರಲು ದಾರಿ ಕಾಣದೆ ಆ ಪೊರೆಯನ್ನೇ ತಳ್ಳುತ್ತದೆ. ಎದುರು ಮನೆಯ ಅಜ್ಜಿ ಅಂದರು: ‘ಈ ಗೋಡೆ ಪ್ರತಿ ಮಳೇಲೂ ಒಸರುತ್ತೆ ಕಣಪ್ಪ. ನಮ್ಮ ಮನೆಯೊಳಗೂ ನೀರು ಬರುತ್ತೆ. ನೀನು ಕೇಳ್ಲಿಲ್ಲ.’

ಮುಂದಿನ ಮಳೆಗಾಲ ನಾನು ಏನನ್ನೂ ಬರೆಯಲಿಲ್ಲ. ಪ್ರತಿ ಮಳೆಗೆ ನೀರು ಎಷ್ಟೆತ್ತರ ಬಂತೆಂದು ಅಲ್ಲಿನವರೇ ಗೋಡೆಯ ಮೇಲೆ ನೀಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಹಾಕಿದರು. ಆ ಗೆರೆಗಳ ಫೋಟೊ ಲಗತ್ತಿಸಿ ಅರ್ಜಿ ಕೊಟ್ಟರು. ನೀರು ಹೋಗಲು ಗೋಡೆಗೆ ತೂತು ಕೊರೆಸಿದ್ದು ಆಮೇಲೆ. ನಾನು ಕೈಹಾಕಿದ ಕೆಲಸಗಳಲ್ಲಿ ಕಲೆ ಅಂತ ಕರೆಯಬಹುದಾದದ್ದು ಆ ಗೆರೆಗಳೇ.

ದೊಡ್ಡ ಕಲಾವಿದರಿಗೂ ಇದು ತಪ್ಪಿದ್ದಲ್ಲ. 1981ರಲ್ಲಿ ಅಮೆರಿಕದ ಶಿಲ್ಪಿ ರಿಚರ್ಡ್ ಸೆರ್ರಾ ನ್ಯೂಯಾರ್ಕಿನ ಸರ್ಕಾರಿ ಕಚೇರಿಗಳ ಅಂಗಳಕ್ಕೆ ಅಡ್ಡಲಾಗಿ 120 ಅಡಿ ಉದ್ದದ ಉಕ್ಕಿನ ಗೋಡೆ ನಿಲ್ಲಿಸಿದರು. ದಿನಾ ಅಲ್ಲಿ ಓಡಾಡುವವರು ಸುತ್ತಿಬಳಸಿ ಹೋಗಬೇಕಾಯಿತು. 1989ರಲ್ಲಿ ಅದನ್ನು ಕಿತ್ತರು. ಅದೇ ನಗರದಲ್ಲಿ, 1979–80ರಲ್ಲಿ, ಮಿಯರ್ಲ್ ಲೇಡರ್ಮನ್ ಯೂಕೆಲೀಸ್ ಎಂಬ ಕಲಾವಿದೆ 8,500 ಪೌರಕಾರ್ಮಿಕರ ಕೈ ಕುಲುಕಿ, ನಗರವನ್ನು ಬದುಕಿಸಿದ್ದಕ್ಕೆ ಒಬ್ಬೊಬ್ಬರಿಗೂ ಧನ್ಯವಾದ ಹೇಳಿದರು. ಅದೇ ಅವರ ಕಲಾಕೃತಿ. ಬಣ್ಣವಿಲ್ಲ, ಗೋಡೆಯಿಲ್ಲ.

‘ಯಾವ ಚಿತ್ರ’ ಅನ್ನುವುದನ್ನೇ ಸದ್ಯ ಬಿಡಿ. ಒಂದು ತಿಂಗಳು ಬರಿಗೈಲಿ ಹೋಗಿ ಕೂತು ಬನ್ನಿ. ಅವರಿಗೆ ಚಿತ್ರಕ್ಕಿಂತ ಬೆಂಚೋ ದೀಪವೋ ಬೇಕಿದ್ದರೆ ಬಣ್ಣದ ದುಡ್ಡು ಅದಕ್ಕೇ ಹೋಗಲಿ. ಚಿತ್ರವೇ ಬೇಕು ಅಂದರೆ ಒಂದು ಮಳೆಗಾಲ ತಾಳಿ, ಗೋಡೆ ಒಸರುತ್ತದಾ ನೋಡಿ. ಒಸರಿದರೆ ಅಕ್ರಿಲಿಕ್ ಬೇಡ. ಸುಣ್ಣದ ಬಣ್ಣವಾದರೆ ತೇವ ಹೊರಗೆ ಹೋಗಲು ಬಿಡುತ್ತದೆ.