ನೆರೆ ಇಳಿದ ಮನೆಗೆ ಬಣ್ಣ ಯಾವಾಗ?

ಪ್ರಶ್ನೆ: ಗಂಗಾವಳಿಯ ನೆರೆನೀರು ನಮ್ಮ ಚಿರೆಕಲ್ಲಿನ ಮನೆಯೊಳಗೆ ಸೊಂಟದೆತ್ತರ ನಿಂತಿತ್ತು. ಚೌತಿಯೊಳಗೆ ಬಣ್ಣ ಬಳಿಸಿ ವಾಸಕ್ಕೆ ಮರಳಬಹುದೇ?
– ಓದುಗರೊಬ್ಬರು, ಅಂಕೋಲಾ

ಉತ್ತರ: ವೈರಿಂಗ್ ಪರೀಕ್ಷಿಸಿ, ಬಾವಿಯ ನೀರೆತ್ತಿಸಿ ಬ್ಲೀಚಿಂಗ್ ಪುಡಿ ಹಾಕಿಸಿದ ಮೇಲೆ ವಾಸಕ್ಕೆ ಮರಳಬಹುದು, ಬಣ್ಣದ ಆತುರ ಮಾತ್ರ ಬೇಡ. ಮೈತುಂಬ ರಂಧ್ರಗಳಿರುವ ಚಿರೆಕಲ್ಲು ಹೀರಿದ ನೀರನ್ನು ಬಿಟ್ಟುಕೊಡಲು, ಅದರಲ್ಲೂ ನಮ್ಮ ಕರಾವಳಿಯ ಮಳೆಗಾಲದಲ್ಲಿ, ತಿಂಗಳುಗಳೇ ಬೇಕಾಗುವುದರಿಂದ, ಈಗ ಬಳಿದ ಪ್ಲಾಸ್ಟಿಕ್ ಪೇಂಟು ತೇವವನ್ನು ಒಳಗೇ ಹಿಡಿದಿಟ್ಟು, ಗುಳ್ಳೆಯೆದ್ದು ಉದುರುತ್ತದೆ. ತಟ್ಟಿದರೆ ಟೊಳ್ಳು ಸದ್ದು ಬರುವ ಪ್ಲಾಸ್ಟರನ್ನು ಕೆತ್ತಿಸಿ, ಕಿಟಕಿಗಳನ್ನು ತೆರೆದಿಡಿ. ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಅಂಟಿಸಿ ಒಂದು ದಿನ ಬಿಟ್ಟು ನೋಡಿ. ಒಳಮೈಯಲ್ಲಿ ಬೆವರಿನಂತೆ ಹನಿ ಕಟ್ಟಿದರೆ ಇನ್ನೂ ಕಾಯಬೇಕು. ಹಬ್ಬಕ್ಕೆ ಗೋಡೆ ಬೆಳ್ಳಗಾಗಲೇಬೇಕೆಂದು ಹಿರಿಯರು ಹಟ ಹಿಡಿದರೆ (ಹಿಡಿಯುತ್ತಾರೆ!) ತೇವಕ್ಕೆ ಅಡ್ಡಿಯಾಗದ ಸುಣ್ಣವನ್ನೇ ಬಳಿಸಿ.