ಹತ್ತು ಕಿಟ್ ಒಟ್ಟಿಗೆ ತರಬೇಡಿ

ವಾಯುಪಡೆ ವಿಮಾನಗಳ ಪುಟ್ಟ ಪ್ಲಾಸ್ಟಿಕ್ ಮಾದರಿ ಜೋಡಿಸುವ ಹತ್ತು ಕಿಟ್ ಆಫರ್‌ನಲ್ಲಿ ಸಿಗುತ್ತಿದೆ, 1/72 (ನಿಜವಾದ ವಿಮಾನದ 72ರಲ್ಲಿ ಒಂದು ಪಾಲು ಅಳತೆ) ತಗೊಳ್ಳಲಾ 1/48 ತಗೊಳ್ಳಲಾ, ಮುಂದೆ ಬೆಲೆ ಏರುತ್ತಾ ಅಂತ ಕೇಳಿದ್ದೀರಿ. ಹನ್ನೆರಡು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ. ಕೊನೆಗೆ ಒಂದೇ ಸಲಕ್ಕೆ ಹದಿನಾಲ್ಕು ತಂದೆ. ಮಿಗ್-21, ಹಂಟರ್, ಜಾಗ್ವಾರ್, ಗ್ನ್ಯಾಟ್. ಜೊತೆಗೆ ಒಂದು ಮಾರುತ್.

ಮಾರುತ್ ಬಗ್ಗೆ ಹೇಳಲೇಬೇಕು. ಎಚ್‌ಎಫ್-24 ಮಾರುತ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ ಜೆಟ್. ವಿನ್ಯಾಸ ಮಾಡಿದವರು ಜರ್ಮನಿಯ ಕುರ್ಟ್ ಟ್ಯಾಂಕ್, ಎರಡನೇ ಮಹಾಯುದ್ಧದ ಫಾಕೆ-ವುಲ್ಫ್ 190 ಮಾಡಿದವರೇ. 1961ರ ಜೂನ್ 17ರಂದು ಮೊದಲ ಸಲ ಹಾರಿತು. ಒಟ್ಟು 147 ತಯಾರಾದವು. ಆ ಮೈಕಟ್ಟಿಗೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಆದರೂ 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಯುದ್ಧ ಮಾಡಿತು. ನಮ್ಮಪ್ಪ ಅದರ ರೆಕ್ಕೆ ಜೋಡಿಸುವ ಕಡೆ ಫಿಟರ್ ಆಗಿದ್ದರು. ಆ ಕಿಟ್ ತಂದಿದ್ದೇ ಅವರಿಗೋಸ್ಕರ.

ನನ್ನ ತಪ್ಪು ಇದು. ಜಾಗ ಇಲ್ಲ ಅಂತ ಡಬ್ಬಗಳನ್ನೆಲ್ಲ ಬಚ್ಚಲುಮನೆ ಮೇಲಿನ ಅಟ್ಟಕ್ಕೆ ಹಾಕಿದೆ. ಪ್ಲಾಸ್ಟಿಕ್ ತಾನೆ, ಏನಾಗುತ್ತೆ ಅಂದುಕೊಂಡೆ. ಪ್ಲಾಸ್ಟಿಕ್‌ಗೆ ಏನೂ ಆಗಲಿಲ್ಲ. ಹಾಳಾಗಿದ್ದು ಡೆಕಾಲ್, ಅಂದರೆ ನೀರಲ್ಲಿ ನೆನೆಸಿ ಮಾದರಿಯ ಮೈಮೇಲೆ ಅಂಟಿಸುವ ಗುರುತು, ನಂಬರ್‌ಗಳು. ಡೆಕಾಲ್ ಹಾಳೆ ಹೇಗಿರುತ್ತೆ ಅಂದರೆ, ಕೆಳಗೆ ಕಾಗದ, ಅದರ ಮೇಲೆ ನೀರಲ್ಲಿ ಕರಗುವ ಅಂಟು, ಅದರ ಮೇಲೆ ತೆಳು ಪೊರೆ, ಆ ಪೊರೆಯಲ್ಲಿ ಅಚ್ಚು. ದಿನಾ ಬಿಸಿನೀರಿನ ಆವಿ ಏರಿ ಅಂಟಿಗೆ ತೇವ ಹಿಡಿಯಿತು. ಪೊರೆ ಹಳದಿಯಾಯಿತು, ಪೆಡಸಾಯಿತು. ಆರು ವರ್ಷ ಬಿಟ್ಟು ಮಾರುತ್ ಜೋಡಿಸಿದೆ. ಉಜ್ಜಿ, ಬಣ್ಣ ಹೊಡೆದು, ತಿಂಗಳುಗಟ್ಟಲೆ ಕೂತೆ. ಕೊನೆಗೆ ಡೆಕಾಲ್ ನೀರಿಗೆ ಹಾಕಿದೆ. ಕೇಸರಿ, ಬಿಳಿ, ಹಸಿರಿನ ವೃತ್ತ, ವಾಯುಪಡೆಯ ಗುರುತು, ಕಣ್ಣೆದುರೇ ಹಪ್ಪಳದ ಹಾಗೆ ಚೂರಾಗಿ ತೇಲಿತು. ಮೈಮೇಲಿನ ನಂಬರ್ ಕೂಡ ಹೋಯಿತು. ಯಾರೋ ಸಣ್ಣ ಮಟ್ಟದಲ್ಲಿ ಮಾಡಿದ ಕಿಟ್ ಅದು. ಇನ್ನೊಂದು ಹಾಳೆ ಎಲ್ಲಿಯೂ ಸಿಗಲಿಲ್ಲ.

ಉಳಿಸಿಕೊಳ್ಳಬಹುದಿತ್ತು, ಅದೇ ಹೆಚ್ಚು ನೋವು. ಹಳೆ ಡೆಕಾಲ್ ಆದರೆ ಮೊದಲು ಬೇಡದ ಒಂದು ಅಕ್ಷರ ಕತ್ತರಿಸಿ ನೀರಲ್ಲಿ ಅದ್ದಿ ನೋಡಬೇಕು. ಒಡೆದರೆ, ಇಡೀ ಹಾಳೆಗೆ ಹೊಳಪಿನ ಕ್ಲಿಯರ್ ಲ್ಯಾಕರ್ ಸ್ಪ್ರೇ ಮಾಡಿ ಚೆನ್ನಾಗಿ ಒಣಗಿಸಿ, ಆಮೇಲೆ ಒಂದೊಂದೇ ಕತ್ತರಿಸಿ ಬಳಸಬೇಕು. ಹಳದಿ ಆಗಿದ್ದರೆ ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿದರೆ ಸುಮಾರು ಬಿಳುಪಾಗುತ್ತದೆ. ನಾನು ಎರಡೂ ಮಾಡಲಿಲ್ಲ. ಎಲ್ಲವನ್ನೂ ಒಂದೇ ಬಟ್ಟಲಿಗೆ ಹಾಕಿದೆ.

ಅಪ್ಪ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ನಂಬರ್ ಇಲ್ಲದ ವಿಮಾನ ಹ್ಯಾಂಗರ್‌ನಿಂದ ಹೊರಗೆ ಬರಲ್ಲ ಕಣೋ" ಅಂದರು. ವೃತ್ತಗಳನ್ನು ಆಮೇಲೆ ಮಾಸ್ಕ್ (ಬಣ್ಣ ಆಚೆ ಹೋಗದಂತೆ ಅಂಟಿಸುವ ಮರೆ) ಕತ್ತರಿಸಿ ಬಣ್ಣದಲ್ಲೇ ಹೊಡೆದೆ. ನಂಬರ್ ಬರೆಯುವ ಹೊತ್ತಿಗೆ ಅಪ್ಪನ ಕಣ್ಣು ಮಂಜಾಗಿತ್ತು. ರೆಕ್ಕೆಯನ್ನು ಬೆರಳಲ್ಲಿ ಸವರಿ ನೋಡಿದರು.

ಅದಕ್ಕೇ ಹೇಳುತ್ತಿದ್ದೇನೆ, ಹತ್ತು ಬೇಡ. ಒಂದು ತನ್ನಿ, ಮುಗಿಸಿ, ಆಮೇಲೆ ಇನ್ನೊಂದು. ಡೆಕಾಲ್ ಹಾಳೆಯನ್ನು ತಂದ ದಿನವೇ ಜಿಪ್ ಕವರಿಗೆ ಹಾಕಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಲಗುವ ಕೋಣೆಯ ಬೀರುವಿನಲ್ಲಿಡಿ. ಬೆಲೆ ಏರುವ ಆಸೆ ಬಿಟ್ಟುಬಿಡಿ. ಕಂಪನಿಯವರು ಅದೇ ಅಚ್ಚಿನ ಕಿಟ್ ಮತ್ತೆ ತಂದರೆ ಹಳೆ ಡಬ್ಬವನ್ನು ಯಾರು ಜಾಸ್ತಿ ಕೊಟ್ಟು ಕೊಳ್ಳುತ್ತಾರೆ?

ಸ್ಕೇಲ್ ಅಂದರೆ ನನಗೆ 1/72. ಗ್ನ್ಯಾಟ್ ಹನ್ನೆರಡು ಸೆಂಟಿಮೀಟರ್ ಚಿಲ್ಲರೆ, ಸುಖೋಯ್-30 ಮೂವತ್ತು ಸೆಂಟಿಮೀಟರ್. ಒಂದೇ ಶೆಲ್ಫಿನಲ್ಲಿ ಎರಡೂ ನಿಂತಾಗ ಆ ಗ್ನ್ಯಾಟ್ ಎಷ್ಟು ಪುಟ್ಟದು ಅಂತ ಗೊತ್ತಾಗುತ್ತದೆ. 1/48ರಲ್ಲಿ ಸುಖೋಯ್ ಒಂದಕ್ಕೇ ಒಂದೂವರೆ ಅಡಿ ಜಾಗ ಬೇಕು.

ಬೆಂಗಳೂರಿಗೆ ಬಂದರೆ ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ನಿಜವಾದ ಮಾರುತ್ ನಿಂತಿದೆ, ನೋಡಿ. ಹೊಟ್ಟೆಯ ಕಡೆಯಿಂದ, ಚಕ್ರದ ಗೂಡಿನ ಒಳಗಡೆಯಿಂದ ಫೋಟೋ ತಗೊಳ್ಳಿ. ಕಿಟ್ ಡಬ್ಬದ ಚಿತ್ರದಲ್ಲಿ ಅದ್ಯಾವುದೂ ಕಾಣುವುದಿಲ್ಲ.