ಸಂಧಿವಾತದ ಇಂಜೆಕ್ಷನ್‌ಗೂ ಮೊದಲು ಟಿಬಿ ಪರೀಕ್ಷೆ ಯಾಕೆ?

ಡೊಂಬಿವಲಿಯ ನಿಮ್ಮ ಅತ್ತೆಗೆ ಕೆಮ್ಮೇ ಇಲ್ಲ, ರುಮಟಾಯ್ಡ್ ಸಂಧಿವಾತಕ್ಕೆ ಅಡಾಲಿಮುಮ್ಯಾಬ್ ಅನ್ನೋ ಇಂಜೆಕ್ಷನ್ ಕೊಡೋಕೆ ಟಿಬಿ ಪರೀಕ್ಷೆ ಯಾಕೆ ಅಂತ ಕೇಳಿದ್ದೀರಿ. ವೈದ್ಯರು ಸುಮ್ನೆ ಬರೆದದ್ದಲ್ಲ, ಮಾಡಿಸಿ.

ಈ ಸಂಧಿವಾತದಲ್ಲಿ ರೋಗನಿರೋಧಕ ಜೀವಕೋಶಗಳು ನಮ್ಮ ಕೀಲಿನ ಮೇಲೇ ತಿರುಗಿಬೀಳುತ್ತವೆ. ಅಲ್ಲಿ ಸೇರಿದ, ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಅನ್ನೋ ಕೋಶಗಳು ಟಿಎನ್‌ಎಫ್ ಅನ್ನೋ ಪ್ರೋಟೀನನ್ನು ಜಾಸ್ತಿ ಸುರಿಸುತ್ತವೆ. ಬೆಳಿಗ್ಗೆ ಬೆರಳು ಮಡಚಲಾಗದ ಬಿಗಿತ, ಊತ, ಮೂಳೆ ಸವೆತ ಎಲ್ಲದರಲ್ಲೂ ಅದರ ಕೈವಾಡವಿದೆ. ಇಂಜೆಕ್ಷನ್ ಅದನ್ನೇ ತಡೆಯುತ್ತದೆ.

ತೊಡಕು ಇಲ್ಲೇ. ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಟಿಬಿ ರೋಗಾಣು ಸದ್ದಿಲ್ಲದೆ ಕೂತಿರುತ್ತದೆ. ಇದೇ ಮ್ಯಾಕ್ರೋಫೇಜ್‌ಗಳು, ಜೊತೆಗೆ ಟಿ ಕೋಶ ಅನ್ನೋ ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳು, ಅದರ ಸುತ್ತ ಗಂಟು ಕಟ್ಟಿ ಕಾವಲು ನಿಂತಿರುತ್ತವೆ. ಆ ಗಂಟು ಉಳಿಯೋಕೂ ಟಿಎನ್‌ಎಫ್ ಬೇಕಲ್ವಾ! ಅದನ್ನು ತಡೆದರೆ ರೋಗ ಎದ್ದೇಳಬಹುದು.

ಸುಪ್ತ ಟಿಬಿ ಕಂಡರೂ ಗಾಬರಿ ಬೇಡ. ಮೊದಲು ಅದಕ್ಕೆ ಮಾತ್ರೆ ಶುರು ಮಾಡಿ, ಸಾಮಾನ್ಯವಾಗಿ 1 ತಿಂಗಳಾದ ಮೇಲೆ ಇಂಜೆಕ್ಷನ್ ಕೊಡುತ್ತಾರೆ.